ಹೊಗೆ ತಿಂದದ್ದಲ್ಲ

ಅಕ್ಕಾ, ಬೋಟಿನ ಮೇಲಿದ್ದ ಸುವರ್ಣಾಳ ಹೆಸರನ್ನು ಹೊಗೆ ತಿನ್ನಲಿಲ್ಲ. ಅಳಿಸಿದವಳು ನಾನು. ಅಳಿಸಿ, ಗೊತ್ತಾಗಬಾರದೆಂದು ಅದರ ಮೇಲೆ ಮಸಿ ಬಳಿದವಳೂ ನಾನೇ.

ಹನ್ನೊಂದು ವರ್ಷ ಈ ಮಾತು ಗಂಟಲಲ್ಲೇ ಇತ್ತು. ಒಂದೇ ಮನೆಗೆ ಸೊಸೆಯರಾಗಿ ಬಂದು ಒಂದೇ ಒಲೆಯ ಮುಂದೆ ರೊಟ್ಟಿ ಬಡಿದವರು ನಾವು — ಆದರೂ ಹೇಳಲಿಲ್ಲ. ಈಗ ಮುಚ್ಚಿಡುವುದಕ್ಕೂ ಶಕ್ತಿ ಉಳಿದಿಲ್ಲ. ಸಾಕಾಗಿದೆ.

ನಿನ್ನ ಗಂಡ, ನನ್ನ ಭಾವನವರು, ಹೊಳೆ ದಾಟಿಸಲು ಆ ತಗಡಿನ ಬೋಟು ತಂದ ವರ್ಷ ನಿನಗೆ ನೆನಪಿದೆ. ಪೇಂಟರ್ ಬಿಳಿ ಬಣ್ಣ ಹೊಡೆದು ಮುಗಿಸಿದಾಗ, ಒಂದನೇ ಇಯತ್ತೆ ಓದುತ್ತಿದ್ದ ನಿನ್ನ ಮಗಳು ಸುವರ್ಣಾ ಅವನ ಕುಂಚ ಕಿತ್ತುಕೊಂಡು ಎಡಮಗ್ಗುಲಿಗೆ ತನ್ನ ಹೆಸರು ತಾನೇ ಬರೆದಳು — ಸೊಟ್ಟಸೊಟ್ಟ ಕೆಂಪು ಅಕ್ಷರ. ನನ್ನ ರೂಪಾ ಇನ್ನೂ ತೊಟ್ಟಿಲಲ್ಲಿದ್ದಳು. ಅವಳ ಹೆಸರನ್ನು ಬಲಮಗ್ಗುಲಿಗೆ ಪೇಂಟರನೇ ಬರೆದ. ಮರುವರ್ಷ ಮೂರೇ ದಿನದ ಜ್ವರದಲ್ಲಿ ಸುವರ್ಣಾ ಹೋದಳು. ಅವಳ ಪಾಟಿ, ಪುಸ್ತಕ ಮಹಾಪೂರದಲ್ಲಿ ಹೋದವು. ಅವಳ ಕೈಯಿಂದ ಆದದ್ದು ಅಂತ ನಿನಗೆ ಉಳಿದದ್ದು ಬೋಟಿನ ಮೇಲಿನ ಆ ಹೆಸರೊಂದೇ.

ಆ ಮಗ್ಗುಲಿಗೇ ಇಂಜಿನ್ನಿನ ಹೊಗೆ ಕೊಳವೆ. ಡೀಸೆಲ್ ಮಸಿ, ಎಣ್ಣೆಜಿಡ್ಡು ಕೂಡಿ ಪದರುಗಟ್ಟುತ್ತಿತ್ತು. ಪ್ರತಿ ದಸರೆಯಲ್ಲಿ ಬೋಟು, ಇಂಜಿನ್ನಿಗೆ ಮಾಡುವ ಖಂಡೇಪೂಜೆಗೆ ಮುಂಚೆ ಅದನ್ನು ನೀನೇ ತೆಗೆಯುತ್ತಿದ್ದೆ — ಸೀಮೆಎಣ್ಣೆಯ ಬಟ್ಟೆ ಅಂಟಿಸಿ, ತಾಸುಗಟ್ಟಲೆ ಕಾದು, ಆಮೇಲೆ ಹುಣಸೆಹಣ್ಣಿನ ನೀರಿನಲ್ಲಿ ಮೆಲ್ಲಗೆ ಒರೆಸಿ. ಹನ್ನೊಂದು ವರ್ಷದ ಹಿಂದಿನ ಆ ದಸರೆಗೆ ನಿನ್ನ ಕೈ ಬೇನೆಯಾಗಿತ್ತು. ಕೆಲಸ ನನಗೆ ಬಂತು.

"ತಿಕ್ಕಬ್ಯಾಡ ತಂಗಿ, ನೆನೀಲಿ ಬಿಡು. ತಾನ ಬಿಡತೈತಿ," ಅಂದಿದ್ದೆ ನೀನು.

ನಾನು ನೆನೆಯಲು ಬಿಡಲಿಲ್ಲ. ಬೆಳಗಿನಿಂದ ದಂಡೆಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಸೊಂಟ ಬಿದ್ದುಹೋಗಿತ್ತು... ಇಲ್ಲ, ಅದು ನೆಪ. ಆಚೆ ದಂಡೆಯಿಂದ ಯಾರೋ ಕೂಗಿದರು, "ಸುವರ್ಣಾ ಬೋಟ್ ಯಾವಾಗ ಬಿಡತೈತ್ರೀ?" ಊರಿಗೆಲ್ಲ ಅದು ಸುವರ್ಣಾ ಬೋಟು. ಮನೆಯಲ್ಲಿ ಹೋಳಿಗೆ ಮಾಡಿದರೂ ಮೊದಲ ಪಾಲು ಸುವರ್ಣಾಳದು. ಬದುಕಿರುವ ನನ್ನ ಮಗಳ ಹೆಸರನ್ನು ಯಾರೂ ಎತ್ತುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಸತ್ತ ಕೂಸಿನ ಮೇಲೆ ಹೊಟ್ಟೆಕಿಚ್ಚು, ಅಕ್ಕಾ — ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಇಂಜಿನ್ನಿನ ಹತ್ತಿರ ಥಿನ್ನರ್ ಬಾಟಲಿ ಇತ್ತು. ಅದು ಮಸಿಯ ಜೊತೆ ಬಣ್ಣವನ್ನೂ ತೆಗೆಯುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುರಿದೆ. ಪಾಲಿಶ್ ಪೇಪರ್ ಹಿಡಿದು ತಿಕ್ಕಿದೆ. ಬಟ್ಟೆಯೆಲ್ಲ ಕೆಂಪಾಯಿತು. ಬರಿ ತಗಡು ಕಂಡಾಗ ಹೆದರಿ, ಕೊಳವೆಯ ಬಾಯೊಳಗೆ ಬೆರಳು ಹಾಕಿ ಮಸಿ ಕೆರೆದು, ಎಣ್ಣೆಯಲ್ಲಿ ಕಲಸಿ, ಮತ್ತೆ ಬಳಿದೆ. ನಿನ್ನೆದುರು ಬಂದು ಕೈ ತೋರಿಸಿದೆ. "ಎಷ್ಟ್ ತಿಕ್ಕಿದ್ರೂ ಮಸಿ ಡಾಗ ಹೋಗವಲ್ದಕ್ಕಾ."

ನೀನು ಬೇನೆಯ ಕೈಯಿಂದಲೇ ನೆನೆಸಿ ಒರೆಸಿದೆ. ಕೆಳಗೆ ಹೆಸರಿರಲಿಲ್ಲ. "ಹೊಗಿ ತಿಂದೈತಿ," ಅಂದೆ ನಾನು. ನೀನು ಭಾವನವರ ಕಡೆ ತಿರುಗಿದೆ.

"ಕೊಳವಿ ಆ ಕಡೆ ತಿರುವ್ರಿ ಅಂತ ಎಷ್ಟ್ ಸಲ ಬಡಕೊಂಡ್ನಿ? ನನ್ನ ಕೂಸು ಎರಡನೇ ಸಲ ಹೋತು. ಇನ್ನ ನಿಮ್ಮ ಕೂಡ ನನ್ನ ಮಾತಿಲ್ಲ."

ಭಾವನವರು ಅವತ್ತೇ ಕೊಳವೆಯನ್ನು ಬಲಕ್ಕೆ ತಿರುಗಿಸಿದರು.

ಅಲ್ಲಿಂದ ನಿಮ್ಮಿಬ್ಬರ ನಡುವೆ ಮಾತು ಹೊತ್ತವಳು ನಾನು. "ಉಣ್ಣಾಕ ಬರಾಕ ಹೇಳು ಅವರಿಗೆ" — ಹೇಳಿದೆ. "ಗುಳಿಗಿ ತಗೊಂಡಾಳೇನ ಕೇಳವಾ" — ಕೇಳಿದೆ. ಇರುವುದು ಒಂದೇ ಪಡಸಾಲೆ, ಆಚೆಯಿಂದ ಈಚೆಗೆ ನಾನು. ದಸರೆ ಬಂದಾಗ ರೂಪಾಳ ಹೆಸರಿನ ಮೇಲಿನ ಮಸಿಯನ್ನು, ನೀನು ಹೇಳಿದಂತೆಯೇ ನೆನೆಸಿ ಒರೆಸುತ್ತಿದ್ದೆ. ತಾನೇ ಬಿಡುತ್ತಿತ್ತು. ಒಂದಕ್ಷರವೂ ಮಾಸಲಿಲ್ಲ, ಅಕ್ಕಾ.

ಈಗ ಹೊಳೆಗೆ ಸೇತುವೆ ಬಂದು ಬೋಟು ದಂಡೆಗೆ ಬಿದ್ದಿದೆ. ನಿನ್ನೆ ಭಾವನವರು ನನ್ನನ್ನು ಕರೆದರು. "ಬೋಟ್ ಮುರದು ಮೋಡಕಾಕ್ಕ ಮಾರೂದೈತಿ, ನಿಮ್ಮಕ್ಕಗ ಹೇಳು. ಕೊಳವಿ ತಿರುವಲಾರದ್ದ ನನ್ನ ತಪ್ಪ ಅಂತನೂ ಹೇಳವಾ. ಬೋಟ್ ಹೋಗೂದ್ರಾಗ ಒಂದ್ ಮಾತ ಆಡ ಅನ್ನು."

ಇಷ್ಟು ವರ್ಷ ಎಲ್ಲ ಮಾತನ್ನೂ ತಂದು ಮುಟ್ಟಿಸಿದೆ. ಇದನ್ನು ತರಲು ನನ್ನಿಂದಾಗಲಿಲ್ಲ. ತಪ್ಪು ಅವರದಲ್ಲ.

ಇವತ್ತು ರೊಟ್ಟಿ ಬಡಿಯಲು ಕೂತಾಗ ಭಾವನವರನ್ನೂ ಒಲೆಯ ಹತ್ತಿರ ಕರೆಯುತ್ತೇನೆ. ಇಷ್ಟು ಹೊತ್ತು ಮನಸ್ಸಿನಲ್ಲೇ ನಿನಗೆ ಹೇಳಿದ್ದೆಲ್ಲವನ್ನೂ ಇಬ್ಬರೆದುರು ಬಾಯಿಬಿಟ್ಟು ಹೇಳುತ್ತೇನೆ. ನೀನು ನನ್ನ ಕೂಡ ಮಾತು ಬಿಡು, ಅಕ್ಕಾ, ಬಿಡಲೇಬೇಕು. ಆದರೆ ಆಮೇಲೆ ಅವರಿಗೆ ಹೇಳುವುದನ್ನು ನೀನೇ ಹೇಳು.