ಶಿವಾನಿಯ ಫಾರಮ್ಮು, ಚಿಕ್ಕತಾಯಮ್ಮನ ಬೆರಳು

ಶಿವಾನಿಯನ್ನು ಮೊದಲ ಸಲ ಕಂಡ ದಿನ ಚಿಕ್ಕತಾಯಮ್ಮ ಅವಳ ಮುಂದೆ ಎಡಗೈ ಹೆಬ್ಬೆಟ್ಟು ಚಾಚಿದಳು. ಸರಗೂರಿನ ಮಹಿಳಾ ಸಂಘದ ಕೋಣೆಯಲ್ಲಿ, ರಾಗಿ ಮೂಟೆಗಳ ಪಕ್ಕ, ಚೂಡಿದಾರದ ಹುಡುಗಿಯೊಬ್ಬಳು ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರೆ ಅದು ಪಡಿತರಕ್ಕೋ ಪಿಂಚಣಿಗೋ ಅಲ್ಲದೆ ಇನ್ನೇನಕ್ಕೆ? ಕಂಪ್ಯೂಟರ್ ಕಂಡ ಕಡೆಯೆಲ್ಲ ಆ ಹೆಬ್ಬೆಟ್ಟು ತಾನಾಗಿ ಮುಂದಕ್ಕೆ ಬರುತ್ತಿತ್ತು. ಅಷ್ಟು ಲೋಕಜ್ಞಾನ ಅದಕ್ಕಿತ್ತು.

“ಹೆಬ್ಬೆಟ್ಟು ಬ್ಯಾಡ ಕಣವ್ವ,” ಹುಡುಗಿ ನಕ್ಕಳು. “ಓದೋಕೆ ಯಾರಿಗೆ ಬಾಳ ಕಷ್ಟವೋ ಅವ್ರನ್ನ ಕಳ್ಸಿ ಅಂದಿದ್ದೆ ನಿಮ್ಮ ಸಂಘಕ್ಕೆ. ನಿಮ್ಮನ್ನ ಕಳ್ಸವ್ರೆ.”

ಸಂಘದ ಅಷ್ಟೂ ಹೆಂಗಸರು ಒಂದೇ ಬಾಯಲ್ಲಿ ಅವಳ ಹೆಸರು ಹೇಳಿದ್ದರು. ಚಿಕ್ಕತಾಯಮ್ಮ ಜೀವಮಾನದಲ್ಲಿ ಅವಿರೋಧವಾಗಿ ಆಯ್ಕೆಯಾದದ್ದು ಅದೊಂದೇ ಸಲ. ಹಾಗಂತ ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ ಅಂತಲ್ಲ. ಗಂಡ ಹೋದ ಮೇಲೆ ವಯಸ್ಕರ ಶಾಲೆಗೆ ಹೋಗಿ ಕಾಗುಣಿತದ ತನಕ ಕಲಿತಿದ್ದಳು. ಬಸ್ಸಿನ ಬೋರ್ಡನ್ನು ಒಂದಕ್ಷರ ಬಿಡದೆ ಓದಬಲ್ಲಳು. ಓದಿ ಮುಗಿಸುವ ಹೊತ್ತಿಗೆ ಬಸ್ಸು ಮುಂದಿನ ಸ್ಟಾಪು ಸೇರಿರುತ್ತಿತ್ತು, ಅಷ್ಟೆ.

ಕೆಲಸ ಇಷ್ಟು. ಸಂಘದವರು ಸೇರಿ ರಾಗಿ ಒಕ್ಕುವ ಯಂತ್ರ ಕೊಂಡಿದ್ದರು. ಸುಗ್ಗಿಯಲ್ಲಿ ಅದು ಸರಗೂರು, ಹೆಗ್ಗಡದೇವನಕೋಟೆ ಎರಡೂ ತಾಲ್ಲೂಕಿನ ಊರುಗಳಿಗೆ ಸರದಿಯ ಮೇಲೆ ಹೋಗಬೇಕು. ಆ ಸರದಿ ಇರುತ್ತಿದ್ದುದು ಯಂತ್ರ ಓಡಿಸುವ ಮಂಚಯ್ಯನ ಬಾಯಲ್ಲಿ. ಮಂಚಯ್ಯ ಕೆಟ್ಟವನಲ್ಲ. ಕೋಳಿಸಾರು ಕುದಿಯುವ ಮನೆಯ ಕಣ ಅವನಿಗೆ ಯಾವಾಗಲೂ ಹತ್ತಿರವಾಗಿ ಕಾಣುತ್ತಿತ್ತು. ಒಂಟಿ ಹೆಂಗಸು ಚಿಕ್ಕತಾಯಮ್ಮನ ಮನೆಯ ಉಪ್ಪುಸಾರಿನ ವಾಸನೆ ಅಷ್ಟು ದೂರ ಹೋಗುತ್ತಿರಲಿಲ್ಲ. ಹೋದ ವರ್ಷ ಯಂತ್ರ ಬರುವ ಮೊದಲೇ ಅವಳ ಮೆದೆಗೆ ಮಳೆ ಬಂದಿತ್ತು.

ಸಂಘದ ಅಧ್ಯಕ್ಷೆ ರುಕ್ಮಿಣಮ್ಮ ಇದಕ್ಕೊಂದು ದಾರಿ ಹುಡುಕಿದರು. ಸಂಘದ್ದೇ ವೆಬ್‌ಸೈಟು, ಅದರಲ್ಲೊಂದು ಫಾರಂ. ಹೆಂಗಸರೇ ಊರು ಒತ್ತಿ, ಖಾಲಿ ಇರುವ ದಿನ ಒತ್ತಿ ಸರದಿ ಹಿಡಿಯುವುದು. ಶಿವಾನಿಗೆ ಕರಾರೂ ಹೇಳಿದ್ದರು. “ಚಿಕ್ಕತಾಯಕ್ಕ ಯಾರ ಸಹಾಯನೂ ಇಲ್ದೆ ಒತ್ತುದ್ರೆ ಕೆಲ್ಸ ನಿಂದು. ಇಲ್ದಿದ್ರೆ ಮೈಸೂರಿನ ಕಂಪನಿಗೆ ಕೊಟ್ಬುಡ್ತೀವಿ ಕಣವ್ವ, ಬೇಜಾರು ಮಾಡ್ಕೋಬೇಡ.”

ಶಿವಾನಿ ಈ ಒಂದು ಕೆಲಸ ನಂಬಿಕೊಂಡು ಹುಣಸೂರಿನ ಜೆರಾಕ್ಸ್ ಅಂಗಡಿ ಬಿಟ್ಟು ಬಂದಿದ್ದಳು. ಅವಳ ಊರು ರಾವಂದೂರಿನ ಹತ್ತಿರ. ಅಪ್ಪ ಹೊಗೆಸೊಪ್ಪು ಬೆಳೆಯುವವನು. ಸೊಪ್ಪು ಬೇಯುವಾಗ ಬ್ಯಾರನ್ ಎಂಬ ಒಲೆಮನೆಯ ಮುಂದೆ ಕೂತು ಶಾಖದ ಮುಳ್ಳು ನೋಡುತ್ತಲೇ ಅವಳು ಪರೀಕ್ಷೆಗೆ ಓದಿದ್ದಂತೆ. ಜೆರಾಕ್ಸ್ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡುತ್ತಿದ್ದಳು. “ಒಂದ್ಸಲ ಗಂಡಿನ ಅಪ್ಪನ ಜಾಗಕ್ಕೂ ಹೆಣ್ಣಿನ ಅಪ್ಪನ ಹೆಸ್ರೇ ಹಾಕ್ಬುಟ್ಟಿದ್ದೆ. ಅಚ್ಚಾಗಿ ಊರೆಲ್ಲ ಹಂಚಾಯ್ತು. ಅಣ್ಣತಂಗಿ ಮದ್ವೆ ಮಾಡ್ಸಿದೋಳು ನಾನು ಕಣವ್ವ!” ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಅದು ಕೇಳಿದ ಮೇಲೆ ಚಿಕ್ಕತಾಯಮ್ಮನಿಗೆ ಧೈರ್ಯ ಬಂತು. ದಡ್ಡರ ಜೊತೆ ಅವಳಿಗೆ ಯಾವತ್ತೂ ಹೊಂದಾಣಿಕೆ.

ವೆಬ್‌ಸೈಟು ಕಟ್ಟುವುದು ಹೇಗೆ ಅಂತ ಒಂದು ದಿನ ಚಿಕ್ಕತಾಯಮ್ಮ ಕೇಳಿದಳು. “ಬಾಗ್ಲು ಕಿಟ್ಕಿ ಎಲ್ಲ ರೆಡಿ ಮಾಡಿಟ್ಟಿರ್ತಾರೆ ಕಣವ್ವ, ತಂದು ಕೂರ್ಸೋದು ಅಷ್ಟೆ. ಆದ್ರೆ ಆ ಬಾಗ್ಲು ನಮ್ಮೋರ ಎತ್ತರಕ್ಕೆ ಇರಕಿಲ್ಲ. ಅದನ್ನ ಕೊಯ್ದು ಸರಿ ಮಾಡೋದೇ ನನ್ನ ಕೆಲ್ಸ.”

ಕೊಯ್ಯಬೇಕಾದ ಬಾಗಿಲು ಮೊದಲ ದಿನವೇ ಸಿಕ್ಕಿತು. ಸಂಘದ ಟ್ಯಾಬಿನಲ್ಲಿ ಚಿಕ್ಕತಾಯಮ್ಮ ಬೆವರು ಒರೆಸಿಕೊಂಡು ತನ್ನ ಹೆಸರು ಬರೆದಳು. ಶಿವಾನಿ ತೋರಿಸಿದ ತಾಲ್ಲೂಕು ಒತ್ತಿದಳು. ತಕ್ಷಣ ಪುಟವೆಲ್ಲ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ತಲೆಯಿಂದ ಮೂಡಿತು. ಕಚೇರಿಯಿಂದ ಕಾಗದ ವಾಪಸು ಬಂದರೆ ಮೊದಲಿಂದ ಬರೆಯಬೇಕು ಅನ್ನುವುದು ಅವಳಿಗೆ ಗೊತ್ತಿದ್ದ ಕಾನೂನು. ಬರೆದಳು. ಊರು ಒತ್ತಿದಳು, ಮತ್ತೆ ಬೆಳ್ಳಗಾಯಿತು, ಮತ್ತೆ ಬರೆದಳು. ಕೊನೆಗೆ ನೋಡಿದರೆ ಮೊದಲು ಬರೆದದ್ದೂ ಅಳಿಯದೆ ಉಳಿದು, ‘ಚಿಕ್ಕತಾಯಮ್ಮಚಿಕ್ಕತಾಯಮ್ಮಚಿಕ್ಕತಾಯಮ್ಮ’ ಎಂಬುವವರಿಗೆ ಸರದಿ ಸಿಕ್ಕಿತ್ತು.

ಶಿವಾನಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಗಂಭೀರವಾದಳು. “ತಪ್ಪು ನಿಮ್ದಲ್ಲ ಬುಡಿ. ಊರುಗಳ ಪಟ್ಟಿ ಒಂದನ್ನ ಕೇಳ್ಕೊಂಡು ಬರೋಕೆ ಈ ಪುಟದ ಇಡೀ ಮನೆಮಂದಿನೇ ಎದ್ದು ಹೋಯ್ತಾವ್ರೆ. ಮನೆ ಕೂತ ಕಡೆನೇ ಕೂತಿರ್ಬೇಕು, ಒಬ್ಬ ಆಳು ಹಿತ್ಲಿಂದ ಓಡೋಗಿ ಕೇಳ್ಕೊಂಡು ಬರ್ಬೇಕು. ಅಂಗೆ ಮಾಡ್ತೀನಿ ತಡೀರಿ.”

ಮಾಡಿದಳು. ತಾಲ್ಲೂಕು ಒತ್ತಿದರೆ ಈಗ ಪುಟ ಅಲುಗಾಡುತ್ತಿರಲಿಲ್ಲ. ಊರಿನ ಚೌಕದಲ್ಲಿ ಮಾತ್ರ ಸಣ್ಣ ಚಕ್ರವೊಂದು ತಿರುಗಿ, ಆ ತಾಲ್ಲೂಕಿನ ಊರುಗಳು ಬಂದು ಕೂರುತ್ತಿದ್ದವು.

“ಆಳು ಬರೋಗಂಟ ನೀವು ಫೋನ್ ನಂಬ್ರು ಬರ್ಕೋಬೋದು ಕಣವ್ವ. ಮಿಲ್ಲಲ್ಲಿ ಡಬ್ಬ ಇಟ್ಟು ಎಲ್ರೂ ಅಂಗಡಿಗೆ ಹೋಗ್ಬರಕಿಲ್ವಾ, ಅಂಗೆ.”

ಚಿಕ್ಕತಾಯಮ್ಮ ಮಿಲ್ಲಿನಲ್ಲಿ ಡಬ್ಬ ಬಿಟ್ಟು ಹೋದವಳಲ್ಲ. ತನ್ನ ರಾಗಿಗೆ ಇನ್ನೊಬ್ಬರ ಗೋಧಿ ಬೆರೆತರೆ? ಹಿಟ್ಟು ಬೀಳುವ ತನಕ ಮೂಗಿನ ತುದಿ ಬೆಳ್ಳಗೆ ಮಾಡಿಕೊಂಡು ಅಲ್ಲೇ ನಿಲ್ಲುವವಳು. ಇಲ್ಲೂ ಕೈಕಟ್ಟಿ ಕೂತು ಚಕ್ರವನ್ನೇ ನೋಡಿದಳು. “ಆಳು ಬರ್ಲಿ ಕಣ್ ಕೂಸೇ, ನಂಗೇನ್ ಅವಸ್ರ?”

ರುಕ್ಮಿಣಮ್ಮ ಪರೀಕ್ಷೆಗೆ ಬಂದ ದಿನ ಕೋಣೆ ತುಂಬ ಹೆಂಗಸರು. ಬಾಗಿಲಲ್ಲಿ ಮಂಚಯ್ಯ ಒರಗಿಕೊಂಡಿದ್ದ. ಈ ಫಾರಂ ಮಗುಚಿ ಬೀಳಲಿ ಅಂತ ಅವನು ಯಾವ ದೇವರಿಗೆ ಹರಕೆ ಹೊತ್ತಿದ್ದನೋ. ಚಿಕ್ಕತಾಯಮ್ಮ ಹೆಸರು ಬರೆದಳು, ಒಂದೇ ಸಲ. ತಾಲ್ಲೂಕಿಗೆ ಬಂದಾಗ ಬೆರಳು ಸೀದಾ ಹೆಗ್ಗಡದೇವನಕೋಟೆಗೆ ಹೋಯಿತು. ಹುಟ್ಟಿದ್ದು, ಮದುವೆಯಾಗಿದ್ದು, ಗಂಡನ ಮರಣಪತ್ರ ತಂದದ್ದು ಎಲ್ಲವೂ ಕೋಟೆ ತಾಲ್ಲೂಕಲ್ಲೇ. ಈಚೆಗೆ ಸರಗೂರೇ ಬೇರೆ ತಾಲ್ಲೂಕಾಗಿದೆ ಅನ್ನುವ ಸುದ್ದಿ ಅವಳ ಕಿವಿಗೆ ಬಿದ್ದಿತ್ತು, ಬೆರಳಿಗೆ ಇನ್ನೂ ಮುಟ್ಟಿರಲಿಲ್ಲ.

“ಯಾವ ಕಾಲ್ದಲ್ಲಿದ್ದೀಯವ್ವ! ನಮ್ದೀಗ ಸರಗೂರು ತಾಲ್ಲೂಕಲ್ವಾ?” ಮಂಚಯ್ಯ ಕೂಗಿದ.

ಹೆಂಗಸರೆಲ್ಲ ಗೊಳ್ಳೆಂದರು. ಚಿಕ್ಕತಾಯಮ್ಮ ಗಾಬರಿಯಲ್ಲಿ “ಅಯ್ಯೋ ಅಲ್ವಲ್ಲ” ಅಂದು ಸರಗೂರು ಒತ್ತಿದಳು. ಊರುಗಳು ಬಂದವು. ಅವಳು ಕನ್ನಡಕ ಸರಿಮಾಡಿಕೊಂಡು ಓದಲು ಶುರುಮಾಡುವಷ್ಟರಲ್ಲಿ ಪಟ್ಟಿ ಒಂದು ಸಲ ಮಿಣುಕಿತು. ಮೇಲಿಂದ ಕೆಳಕ್ಕೆ ಓದಿದಳು. ಮತ್ತೆ ಮೇಲಿಂದ ಓದಿದಳು. ಅವಳ ಮೊಳ್ಳೆಕೊಪ್ಪಲು ಇರಲಿಲ್ಲ.

“ನಮ್ಮೂರೇ ಇಲ್ಲ ಕಣ್ ಕೂಸೇ.”

“ಊರನ್ನೇ ಕಳ್ಕೊಂಬುಟ್ಲು!” ಮಂಚಯ್ಯನಿಗೆ ಆನಂದ.

ರುಕ್ಮಿಣಮ್ಮ ಎದ್ದರು. “ಸೋಮವಾರ ಇನ್ನೊಂದ್ಸಲ ನೋಡ್ತೀನಿ ಶಿವಾನಿ. ಆಗ್ಲೂ ಇಂಗೇ ಆದ್ರೆ ಮೈಸೂರಿನೋರ್ಗೆ ಹೇಳ್ಬುಡ್ತೀನಿ.”

ಅವರೆಲ್ಲ ಹೋದ ಮೇಲೆ ಶಿವಾನಿ ತಾನೇ ಒತ್ತಿ ಒತ್ತಿ ನೋಡಿದಳು. ಸರಗೂರು ಒತ್ತಿದಾಗಲೆಲ್ಲ ಮೊಳ್ಳೆಕೊಪ್ಪಲು ಠೀವಿಯಿಂದ ಬಂದು ಕೂರುತ್ತಿತ್ತು. ಚಿಕ್ಕತಾಯಮ್ಮನಿಗೆ ಊಟ ಸೇರಲಿಲ್ಲ. ಒಂದು ಹೆಣ್ಣುಮಗಳ ಅನ್ನ ತನ್ನ ಬೆರಳ ತುದಿಯಿಂದ ಬಿದ್ದು ಹೋಗುತ್ತಿದೆ. ಗಂಡ ಬದುಕಿದ್ದಾಗ ‘ನಿನ್ನ ಕೈಗೆ ಕೊಟ್ಟದ್ದು ಕೆಡದೆ ಉಳಿದಿಲ್ಲ’ ಅನ್ನುತ್ತಿದ್ದ. ಅವನು ಹೇಳಿದ್ದು ಮಜ್ಜಿಗೆಯ ವಿಚಾರ, ಆದರೂ. ಮನೆಯ ಗೋಡೆಗೆ ಇದ್ದಿಲಲ್ಲಿ ಎರಡು ತಾಲ್ಲೂಕಿನ ಹೆಸರೂ ಬರೆದುಕೊಂಡು, ಸರಗೂರನ್ನೇ ಮುಟ್ಟಿ ಮುಟ್ಟಿ ಬೆರಳಿಗೆ ಬುದ್ಧಿ ಕಲಿಸಿದಳು. ಎರಡು ದಿನ ಬಿಟ್ಟು ಸಂಘಕ್ಕೆ ಹೋಗಿ, ಶಿವಾನಿಯ ಮುಂದೆ ಸರಾಗವಾಗಿ ಸರಗೂರು ಒತ್ತಿ, ತನ್ನ ಊರು ಹಿಡಿದು, ಶಭಾಸ್ ಅನ್ನಿಸಿಕೊಳ್ಳಲು ಕಾದಳು.

ಶಿವಾನಿ ತಲೆ ಮೇಲೆ ಕೈಹೊತ್ತಳು. “ಅಯ್ಯೋ ಯಾಕವ್ವ ಸರಿಯಾಗಿ ಮಾಡುದ್ರಿ? ಅವತ್ತು ಮಾಡ್ದಂಗೇ ಮಾಡಿ.”

“ಅವತ್ತು ಮಾಡಿದ್ದು ದಡ್ಡತನ ಕಣೇ. ಮತ್ತೆ ಮಾಡು ಅಂತೀಯಾ?”

“ನಂಗೆ ಅದೇ ಬೇಕು.”

ಕಲಿತದ್ದನ್ನು ಮರೆಯುವುದು ಚಿಕ್ಕತಾಯಮ್ಮನಿಗೆ ಎಂದೂ ಕಷ್ಟವಾಗಿರಲಿಲ್ಲ. ಕೋಟೆ ಒತ್ತಿದಳು, “ಅಯ್ಯೋ ಅಲ್ವಲ್ಲ” ಅಂತ ಅವತ್ತಿನ ಹಾಗೆಯೇ ಅಂದಳು, ಸರಗೂರು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಮಾಡಿಸಿದಳು ಶಿವಾನಿ. ಮತ್ತೂ ಮಾಡಿಸಿದಳು. ಮಧ್ಯಾಹ್ನ ಮೋಡ ಕವಿದು ನೆಟ್‌ವರ್ಕು ಕುಂಟತೊಡಗಿದಾಗ ಸರಗೂರಿನ ಊರುಗಳು ಬಂದು ಕೂತವು. ಕೂತು ಉಸಿರು ಬಿಡುವಷ್ಟರಲ್ಲಿ ಕೋಟೆಯ ಊರುಗಳು ಬಂದು ಅವನ್ನು ಎಬ್ಬಿಸಿ ಓಡಿಸಿದವು.

“ಸಿಕ್ದ!” ಶಿವಾನಿ ಕುಣಿದೇಬಿಟ್ಟಳು. “ನೋಡಿ, ಕೋಟೆಗೆ ಓಡ್ದ ಆಳು ಮೊದ್ಲು ಹೋಗಿ ಲೇಟಾಗಿ ಬಂದವ್ನೆ. ಸರಗೂರಿನೋನು ಆಮೇಲೆ ಹೋಗಿ ಬೇಗ ಬಂದವ್ನೆ. ಲೇಟಾಗಿ ಬಂದೋನು ಇವನ ತಲೆ ಮೇಲೇ ಮೂಟೆ ಇಳ್ಸವ್ನೆ. ನಾನು ರಾವಂದೂರಿನೋಳು, ಕೋಟೆ ಒತ್ತೋ ಅಭ್ಯಾಸನೇ ಇಲ್ಲ. ನಂಗೆ ಎಂಗೆ ಸಿಕ್ಬೇಕು?”

“ಈಗೇನ್ ಮಾಡೀಯೆ?”

“ಎರಡ್ನೇ ಆಳು ಹೊರಟ್ ಮೇಲೆ ಮೊದಲ್ನೋನು ಏನು ತಂದ್ರೂ ಬಾಗ್ಲಲ್ಲೇ ತಡೆಯೋದು.”

ಸೋಮವಾರ ರುಕ್ಮಿಣಮ್ಮ ಬಂದರು. ಅವತ್ತೂ ಮೋಡವಿತ್ತು. ಶಿವಾನಿ “ಕೋಟೆನೇ ಮೊದ್ಲು ಒತ್ತಿ” ಎಂದು ಪಿಸುಗುಟ್ಟಿದಳು. ಚಿಕ್ಕತಾಯಮ್ಮ ಒತ್ತಿದಳು, ಸರಗೂರಿಗೆ ಬಂದಳು, ಪಟ್ಟಿ ಕದಲಲಿಲ್ಲ. ಮೊಳ್ಳೆಕೊಪ್ಪಲು ಹಿಡಿದು, ಮೂರು ಹೆಸರಿಲ್ಲದೆ ಒಂದೇ ಹೆಸರಲ್ಲಿ ಸರದಿಯನ್ನೂ ಹಿಡಿದಳು. ರುಕ್ಮಿಣಮ್ಮನಿಗೆ ನಂಬಿಕೆ ಬರಲಿಲ್ಲ. “ಕೊಡಕ್ಕ ಇಲ್ಲಿ” ಎಂದು ಟ್ಯಾಬು ಕಸಿದುಕೊಂಡು ತಾವೇ ಒತ್ತಿದರು. ಮೊದಲು ಒತ್ತಿದ್ದು ಕೋಟೆಯನ್ನೇ. “ಅಯ್ಯೋ ಅಲ್ವಲ್ಲ” ಅಂದವರು ಸುತ್ತ ನೋಡಿದರು. ಅಧ್ಯಕ್ಷೆಯ ಮುಂದೆ ಯಾರೂ ನಗಲಿಲ್ಲ. ಮಂಚಯ್ಯನಂತೂ ತನ್ನ ಚಪ್ಪಲಿ ನೋಡುತ್ತಿದ್ದ. ಸರಗೂರು ಒತ್ತಿದ ಮೇಲೆ ಅವರ ಊರೂ ಸರಿಯಾಗಿ ಬಂದು ಕೂತಿತು.

“ಕೆಲ್ಸ ನಿಂದೇ ಕಣವ್ವ ಶಿವಾನಿ,” ಎಂದರು ರುಕ್ಮಿಣಮ್ಮ.

ಸುಗ್ಗಿ ಮುಗಿಯುವ ಹೊತ್ತಿಗೆ ಶಿವಾನಿಗೆ ಕೆ.ಆರ್. ನಗರದಲ್ಲಿ ಭತ್ತದ ನಾಟಿ ಯಂತ್ರದವರ ಕೆಲಸವೂ ಸಿಕ್ಕಿತು. ಹೊರಡುವ ಮುಂಚೆ ಹೇಳಿಹೋಗಲು ಬಂದವಳು ಜಗಲಿಯ ಮೇಲೆ ಕೂತು ಬಹಳ ಹೊತ್ತು ಕಾಲು ಆಡಿಸಿದಳು. ಚಿಕ್ಕತಾಯಮ್ಮ ಹೊಸ ರಾಗಿಯ ಹುರಿಹಿಟ್ಟು ಕಟ್ಟಿಕೊಟ್ಟು, “ಇನ್ನೇನ್ ಬೇಕು ಕೂಸೇ?” ಎಂದಳು.

“ಅಲ್ಲೊಂದು ಫಾರಂ ಮಾಡಿವ್ನಿ ಕಣವ್ವ. ಎಲ್ರೂ ಸರಿಯಾಗೇ ಒತ್ತಾವ್ರೆ, ನಂಗೆ ದಿಗಿಲಾಗ್ತದೆ,” ಎಂದಳು ಶಿವಾನಿ. “ಒಂದ್ ದಿನ ಬಂದು ಒತ್ತಿಕೊಟ್ ಹೋಗ್ತೀರಾ?”