ಇಪ್ಪತ್ತು ಗೀಟು ಇನ್ಸುಲಿನ್

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಜಿ.ಎನ್.ಎಂ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ನನ್ನೂರು ರೊಳ್ಳ. ತರಬೇತಿಗೆ ಹಾಕಿದ್ದು ರಾಯದುರ್ಗದ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿಗೆ. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಮ್ಮ ಪೋಸ್ಟಿಂಗ್ ಬುಕ್ಕಿಗೆ ಆಕೆಯ ಸಹಿ ಬಿದ್ದರೆ ಮಾತ್ರ ಪರೀಕ್ಷೆ. ಈಗ ನಾನೇ ಸ್ಟಾಫ್ ನರ್ಸ್. ಆದರೂ ಆ ಬೆಳಗ್ಗೆ ನಡೆದದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ವಾರ್ಡಿನಲ್ಲಿ ಇನ್ಸುಲಿನ್ನನ್ನು ಯಾರೂ ಯೂನಿಟ್ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. "ಹತ್ತು ಗೀಟು ಕೊಡು" ಎಂದೇ ರೂಢಿ. ಗೀಟೆಂದರೆ ಸಿರಿಂಜಿನ ಮೇಲಿನ ಗೆರೆ. ಅಲ್ಲಿಗೆ ಬರುತ್ತಿದ್ದ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ ನಲವತ್ತು ಯೂನಿಟ್, ಸಿರಿಂಜಿನಲ್ಲೂ ಒಂದು ಎಂ.ಎಲ್.ಗೆ ನಲವತ್ತೇ ಗೀಟು. ಒಂದು ಗೀಟಿಗೆ ಒಂದು ಯೂನಿಟ್ ಸರಿಹೋಗಿ ರೂಢಿ ನಡೆದುಹೋಗುತ್ತಿತ್ತು.

ಕಣೇಕಲ್ಲಿನ ತಿಪ್ಪಮ್ಮ ಸಕ್ಕರೆ ಕಾಯಿಲೆಯವಳು. ನಾಟಿ ಮಾಡುವಾಗ ಕಾಲಿಗಾದ ಗಾಯ ಮಾಯದೆ ಅಡ್ಮಿಟ್ ಆಗಿದ್ದಳು. ಅವತ್ತು ವಾರ್ಡಿನ ಸ್ಟಾಕ್ ಮುಗಿದು, ಆಕೆಯ ಮಗಳು ಹೊರಗಿನ ಮೆಡಿಕಲ್ ಶಾಪಿನಿಂದ ಇನ್ಸುಲಿನ್ ತಂದಳು. ಲೇಬಲ್ ಓದಿದೆ: ಒಂದು ಎಂ.ಎಲ್.ಗೆ ನೂರು ಯೂನಿಟ್. ಕೇಸ್ ಶೀಟಿನಲ್ಲಿದ್ದದ್ದು ಇಪ್ಪತ್ತು ಯೂನಿಟ್.

"ಸಿಸ್ಟರ್, ಈ ಬಾಟ್ಲು ನೂರರದು, ಸಿರಿಂಜು ನಲವತ್ತರದು. ಎಷ್ಟು ಗೀಟು ಎಳೀಲಿ?" ಎಂದೆ.

"ಇಪ್ಪತ್ತಂದ್ರ ಇಪ್ಪತ್ತು. ಕ್ಲಾಸಿನ ಪ್ರಶ್ನಿ ಕ್ಲಾಸಿನಾಗ ಕೇಳು. ನಿಮ್ಮ ರೊಳ್ಳದಾಗ ಎಣಿಸಾಕ ಕಲಿಸಿಲ್ಲೇನು?"

ಬಾಟಲಿಯತ್ತ ತಿರುಗಿಯೂ ನೋಡಲಿಲ್ಲ. ಪಕ್ಕದ ಮಂಚದವರು ನಕ್ಕರು. ಈ ಬಾಟಲಿಯದು ಎರಡೂವರೆ ಪಟ್ಟು ಗಟ್ಟಿ, ಎಂಟೇ ಗೀಟು ಸಾಕೆಂದು ನನ್ನ ಲೆಕ್ಕ ಹೇಳುತ್ತಿತ್ತು. ಆದರೆ ಅವಮಾನದಲ್ಲಿ ನನ್ನ ಬಾಯಿ ಕಟ್ಟಿಹೋಯಿತು. ಇಪ್ಪತ್ತು ಗೀಟು ಎಳೆದು ನಾನೇ ಚುಚ್ಚಿದೆ.

ಎರಡು ಗಂಟೆಯೊಳಗೆ ತಿಪ್ಪಮ್ಮ ಬೆವರಿ ತೊಯ್ದುಹೋದಳು. ಮಾತು ತೊದಲಿತು. ಗ್ಲುಕೋಮೀಟರ್ ರಕ್ತದ ಸಕ್ಕರೆ ಮೂವತ್ನಾಲ್ಕು ಎಂದು ತೋರಿಸಿತು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ಆಕೆಯ ಮೈಗೆ ಹೋಗಿದ್ದು ಇಪ್ಪತ್ತಲ್ಲ, ಐವತ್ತು ಯೂನಿಟ್! ಡ್ಯೂಟಿ ಡಾಕ್ಟರು ಓಡಿಬಂದು ನರಕ್ಕೆ ಗ್ಲುಕೋಸ್ ಕೊಟ್ಟು ಉಳಿಸಿದರು.

ಅಷ್ಟರಲ್ಲಿ ಸಕ್ಕರೆ ಇಳಿದದ್ದಕ್ಕೆ ಕಾರಣವೆಂದು ಸಿಸ್ಟರ್ ಕೇಸ್ ಶೀಟಿನಲ್ಲಿ ಬರೆದದ್ದು: "ರೋಗಿ ತಿಂಡಿ ತಿಂದಿಲ್ಲ." ಹಸೀ ಸುಳ್ಳು! ಮೂರು ಇಡ್ಲಿ ತಿಂದದ್ದನ್ನು ನಾನೇ ನೋಡಿದ್ದೆ. ಸಿಟ್ಟು ನೆತ್ತಿಗೇರಿತು. ಬಾಟಲಿ, ಸಿರಿಂಜು ಎರಡನ್ನೂ ಒಯ್ದು ಡಾಕ್ಟರ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ, ಚುಚ್ಚಿದವಳು ನಾನೆಂಬುದನ್ನೂ ಸೇರಿಸಿ. ನನ್ನ ಬುಕ್ಕಿಗೆ ಸಹಿ ಬೀಳಲಿಲ್ಲ. ಆ ಪೋಸ್ಟಿಂಗನ್ನು ಮೊದಲಿಂದ ಮತ್ತೆ ಮಾಡಿದೆ.

ಸಂಜೆ ತಿಪ್ಪಮ್ಮನ ಕಾಲು ಹಿಡಿಯಲು ಹೋದೆ. ಆಕೆ ಕೈ ತಡೆದಳು.

"ನೀ ಕೇಳಿದ್ದು ನನಗೂ ಕೇಳ್ಸಿತವ್ವಾ. ಆಕಿ ಬೈದ್ಲು, ನೀ ಸುಮ್ಮನಾದಿ. ಬೈಸ್ಕೊಂಡಾಕಿ ನೀನು, ಸಾಯಾಕಿ ನಾನು. ಇನ್ನೊಂದ್ಸಲ ಕೇಳಾಕ ಏನಾಗಿತ್ತು ನಿನಗ?"



ಸಿಸ್ಟರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ. ಆದರೆ ಸೂಜಿ ಇದ್ದದ್ದು ನನ್ನ ಕೈಯಲ್ಲಿ. ಈಗ ನನ್ನ ವಾರ್ಡಿಗೆ ಬರುವ ವಿದ್ಯಾರ್ಥಿನಿಯರಿಗೆ ಮೊದಲ ದಿನವೇ ಹೇಳುತ್ತೇನೆ: ಗೊತ್ತಾಗದಿದ್ದರೆ ಕೇಳಿ. ಬೈದರೆ ಮತ್ತೆ ಕೇಳಿ. ಸರಿಯಾದ ಉತ್ತರ ಸಿಗುವವರೆಗೆ ಸೂಜಿ ಟ್ರೇಯಲ್ಲೇ ಇರಲಿ. ಬೈದವಳು ನಾನಾಗಿದ್ದರೂ ಅಷ್ಟೇ.