ಇಳಿಸಿದ ಮೋಟಾರು

ನನ್ನ ಅಣ್ಣ ಈಗಲೂ ಹೇಳುತ್ತಾನೆ, ಅಪ್ಪನಿಗೆ ಹತ್ತಿ ಇಳಿಯಲು ಸುಲಭವಾಗಲಿ ಎಂದೇ ಮೋಟಾರು ಇಳಿಸಿದ್ದು ಎಂದು. ಪ್ರತಿವರ್ಷ ಅಪ್ಪನ ಪುಣ್ಯತಿಥಿಯ ದಿನ, ಹೋಳಿಗೆ ಊಟ ಮುಗಿದು ಎಲೆಯಡಿಕೆ ತಟ್ಟೆ ಬಂದಮೇಲೆ, ಬೀಗರ ಮುಂದೆ ಈ ಮಾತು ಹೊರಬೀಳುತ್ತದೆ. ಬೀಗರು ತಲೆ ತೂಗುತ್ತಾರೆ. ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಅಲ್ಲೇ ಕೂತರೆ ಬಾಯಿಗೆ ಏನು ಬರುತ್ತದೋ ನನಗೇ ನಂಬಿಕೆಯಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಚಲಕರಂಜಿಯಲ್ಲಿ ನಮ್ಮವು ನಾಲ್ಕಾರು ಮಗ್ಗ, ದತ್ತವಾಡದ ಹತ್ತಿರ ಕಬ್ಬಿನ ತೋಟ. ಅಣ್ಣ ಕೊಲ್ಹಾಪುರದ ವಕೀಲರೊಬ್ಬರಿಂದ ಹಳೆಯ ವಿಲಾಯತಿ ಕಾರು ತೆಗೆದುಕೊಂಡಿದ್ದ. ದಿನಾ ಬೆಳಿಗ್ಗೆ ಹಿಂದಿನ ಸೀಟಿನ ಮೇಲೆ ಬಟ್ಟೆಯ ತಾಗಾಗಳನ್ನು, ಅಂದರೆ ಸುತ್ತಿದ ಥಾನುಗಳನ್ನು, ಒಟ್ಟಿಕೊಂಡು ಕೊಲ್ಹಾಪುರದ ಅಂಗಡಿಗಳಿಗೆ ಹೋಗುವುದು, ಸಂಜೆ ನೂಲು ತರುವುದು. ದುಡಿಯುವ ಗಾಡಿ, ದುಡಿಯುತ್ತಿತ್ತು. ಆದರೆ ಕೊಲ್ಹಾಪುರದಲ್ಲಿ ಸಿನಿಮಾ ಮಂದಿಯ ಕಾರುಗಳು ನೆಲ ಸವರಿಕೊಂಡು ಹೋಗುವುದನ್ನು ನೋಡಿದ ಮೇಲೆ ಅಣ್ಣನಿಗೆ ತನ್ನ ಕಾರು ಎತ್ತರವಾಗಿ, ಹಳ್ಳಿಗಾಡಿಯಂತೆ ಕಾಣತೊಡಗಿತು.

ಪಂಚಮಿಗೆ ನಾನು ಗಡಹಿಂಗ್ಲಜದಿಂದ ತವರಿಗೆ ಬಂದಾಗ ಅದು ಆಗಿಹೋಗಿತ್ತು. ಕೊಲ್ಹಾಪುರದ ಮಿಸ್ತ್ರಿಯೊಬ್ಬ ಚಕ್ರದ ಮೇಲಿನ ಉಕ್ಕಿನ ಕಮಾನು ಪಟ್ಟಿಗಳನ್ನು, ಅಲ್ಲಿಯವರ ಬಾಯಲ್ಲಿ ಪಾಟಾಗಳನ್ನು, ತೆಗೆದುಹಾಕಿ, ಚಪ್ಪಟೆಯಾದ ಹೊಸ ಪಾಟಾಗಳನ್ನು ತಾನೇ ಬಡಿದು ಕೂಡಿಸಿದ್ದ. "ಗಾಡಿ ಜಮಿನೀಲಾ ಚಿಕಟೂನ್ ಚಾಲಲೀ ಪಾಹಿಜೆ" ಅಂದನಂತೆ. ನೆಲಕ್ಕೆ ಅಂಟಿಕೊಂಡೇ ಓಡಬೇಕಂತೆ! ಅಣ್ಣ ಬಾಗಿಲಲ್ಲಿ ನಿಂತು, ಹೊಸ ಸೊಸೆಯನ್ನು ತೋರಿಸುವವರ ಹಾಗೆ ಓಣಿಯವರಿಗೆಲ್ಲ ಅದನ್ನು ತೋರಿಸುತ್ತಿದ್ದ.

ಗಟ್ಟಿಯಾಗಿದ್ದಾಗ ಅಪ್ಪ ಒಂದೇ ಸಲ ಅದರಲ್ಲಿ ಕೂತ. ಮೊಣಕಾಲು ಎದೆಗೆ ಬಂದಿತ್ತು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಹೊಸ ಪಾಟಾ ಬಿರುಸು. ಸಣ್ಣ ಹರಳು ಸಿಕ್ಕರೂ ಬೆನ್ನಿಗೇ ಏಟು. ಇಳಿಯುವಾಗ ಅಣ್ಣ ಕೈಕೊಟ್ಟು ಎಬ್ಬಿಸಬೇಕಾಯಿತು. ಆಮೇಲೆ ತೋಟಕ್ಕೆ ಹೋಗುವಾಗಲೆಲ್ಲ ಅಪ್ಪ ಬಸ್ಸು ಹಿಡಿದ. "ಬಸ್ಸಿನ್ಯಾಗ ಮಂದಿ ಭೆಟ್ಟಿ ಆಗತಾರ" ಅಂತ ನೆವ ಹೇಳಿದ. ಹತ್ತಲು ಸುಲಭವಾಗಲಿ ಎಂದು ಇಳಿಸಿದ ಮೋಟಾರಿನ ಕಥೆ ಇಷ್ಟು.

ಶ್ರಾವಣದಲ್ಲಿ ತೋಟದ ಕಡೆ ಮೋಟಾರು ಒಯ್ಯುವ ಪ್ರಶ್ನೆಯೇ ಇರಲಿಲ್ಲ, ಒದ್ದೆ ಎರೆಮಣ್ಣು ಚಕ್ರಗಳನ್ನು ಹೀರಿಕೊಂಡುಬಿಡುತ್ತದೆ. ದೀಪಾವಳಿ ದಾಟಿ ಕಬ್ಬಿನ ಸುಗ್ಗಿ ಶುರುವಾಯಿತೆಂದರೆ ದಾರಿ ಒಣಗಿರುತ್ತದೆ, ಆದರೆ ಕಬ್ಬು ಹೇರಿದ ಎತ್ತಿನ ಗಾಡಿಗಳು ಕಬ್ಬಿಣದ ಹಳಿಯ ಗಾಲಿಯಿಂದ ಎರಡೂ ಕಡೆ ಆಳವಾಗಿ ಕೊರೆದು, ನಡುವೆ ಮಣ್ಣಿನ ದಿಂಡು ಎದ್ದುನಿಂತಿರುತ್ತದೆ. ಆ ತೋಟದಲ್ಲೇ ಹುಟ್ಟಿ ಬೆಳೆದ ಅಣ್ಣನಿಗೆ ಇದು ಗೊತ್ತಿರಲಿಲ್ಲ ಎಂದು ಯಾರೂ ನನಗೆ ಹೇಳಬೇಡಿ.

ಆ ಸುಗ್ಗಿಯಲ್ಲಿ ಅಪ್ಪನಿಗೆ ಎದೆನೋವು ಬಂತು. ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದರು. ಕಬ್ಬು ಕಡಿಸಲೆಂದು ತೋಟಕ್ಕೆ ಹೋಗಿದ್ದ ಅವ್ವ ಬಾವಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು ಅಲ್ಲೇ ಮಂಚ ಹಿಡಿದಿದ್ದಳು. ಕೆಲವು ದಿನಗಳಾದ ಮೇಲೆ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ನಮಗೂ ಆಯಿತು, ಅಪ್ಪನಿಗೂ ಆಯಿತು. ನನ್ನ ಕೈ ಹಿಡಿದು, "ಇಚಲಕರಂಜಿ ಬ್ಯಾಡವಾ. ತ್ವಾಟಕ್ಕ ಒಯ್ರಿ. ನಿಮ್ಮವ್ವನ ಮಾರಿ ನೋಡಬೇಕು" ಅಂದ. ಬೇರೆ ಏನನ್ನೂ ಕೇಳಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ನನ್ನ ಯಜಮಾನರ ಜೀಪ್ ನಿಂತಿತ್ತು. ಗಡಹಿಂಗ್ಲಜದ ಪೇಟೆಗೆ ಮೆಣಸಿನಕಾಯಿ ಚೀಲ ತರುವ ಜೀಪ್. ಎಂಥ ಹೊಲದ ದಾರಿಯಲ್ಲೂ ನಡೆಯುವಂಥದ್ದು. "ಹಿಂದ ಗಾದಿ ಹಾಸೀನ್ರಿ, ಇದರಾಗ ಮಲಗಿಸೂಣು" ಎಂದರು. ಅಣ್ಣನ ಮುಖ ಕೆಂಪಗಾಯಿತು.

"ನಿಮ್ಮ ಜೀಪ್ ನಿಮ್ಮ ಕಡೇನ ಇರ್ಲಿರಿ. ಮಗನ ಮೋಟಾರ ಇದ್ದಾಗ ಅಪ್ಪನ್ನ ಅಳ್ಯಾನ ಗಾಡ್ಯಾಗ ಒಯ್ದ್ರ ಊರ ಮಂದಿ ನನ್ನ ಮಾರಿ ಮ್ಯಾಲ ಉಗಳತಾರ."

"ಅಣ್ಣಾ, ತ್ವಾಟದ ದಾರಿ ನೆನಪೈತಿಲ್ಲ ನಿನಗ?" ಅಂದೆ.

"ಮೋಟಾರ ನಡಸಾಂವ ನಾನೋ ನೀನೋ?"

ಯಜಮಾನರು ಮಾನಿಷ್ಠರು. ಹಾಸಿದ್ದ ಗಾದಿಯನ್ನು ಸುತ್ತಿದರು. "ನೀ ಹೋಗು ನಿಮ್ಮಪ್ಪನ ಕೂಡ" ಎಂದು ನನಗಷ್ಟೇ ಹೇಳಿ ಜೀಪನ್ನು ಗಡಹಿಂಗ್ಲಜದ ಕಡೆ ತಿರುಗಿಸಿದರು. ಒಬ್ಬರಿಗೆ ಮಗನ ಮರ್ಯಾದೆ, ಇನ್ನೊಬ್ಬರಿಗೆ ಅಳಿಯನ ಮರ್ಯಾದೆ. ಸಾಯುತ್ತಿದ್ದವನ ಆಸೆ ಇವರಿಬ್ಬರ ನಡುವೆ ಅಂಗಳದಲ್ಲೇ ಉಳಿಯಿತು.

ಡಾಂಬರು ಇರುವವರೆಗೆ ಮೋಟಾರು ಚೆನ್ನಾಗಿಯೇ ಓಡಿತು, ಅದನ್ನೂ ಹೇಳಬೇಕು. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಕುರುಂದವಾಡ ದಾಟಿದ ಮೇಲೆ ಪ್ರತಿ ಕುಲುಕಿಗೂ ಹಲ್ಲು ಕಚ್ಚುತ್ತಿದ್ದ. ದತ್ತವಾಡದಾಚೆ ಗಾಡಿದಾರಿಗೆ ಇಳಿದು ಸ್ವಲ್ಪ ದೂರ ಹೋಗಿರಬೇಕು, ಕೆಳಗೆ ಕರ್ ಎಂದಿತು. ಮೋಟಾರಿನ ಹೊಟ್ಟೆ ದಿಂಡಿನ ಮೇಲೆ ಕೂತುಬಿಟ್ಟಿತ್ತು. ಹಿಂದಿನ ಚಕ್ರಗಳು ಜಾಡಿನಲ್ಲಿ ಸುಮ್ಮನೆ ತಿರುಗಿ ದೂಳೆಬ್ಬಿಸಿದವು. ಕಬ್ಬಿನ ಆಚೆ ನಮ್ಮ ಮನೆಯ ಹಂಚು ಕಾಣುತ್ತಿತ್ತು. ಯಾರಾದರೂ ಬರಲಿ ಎಂದು ಅಣ್ಣ ಹಾರ್ನ್ ಹೊಡೆದೇ ಹೊಡೆದ.

ಬಂದದ್ದು ಪಕ್ಕದ ತೋಟದವರ ಕಬ್ಬಿನ ಗಾಡಿ. ಗಾಡಿಯವನು ಒಂದು ಮಾತೂ ಕೇಳದೆ ಅರ್ಧ ಕಬ್ಬು ಕೆಳಗೆ ಚೆಲ್ಲಿ, ಮೇಲೆ ರವದಿ ಹಾಸಿದ. ಮೂವರೂ ಸೇರಿ ಅಪ್ಪನನ್ನು ಆ ಒಣ ಗರಿಯ ಮೇಲೆ ಮಲಗಿಸಿದೆವು. ನಾನು ಹತ್ತಿದೆ. ಅಣ್ಣ ಹತ್ತಲಿಲ್ಲ.

"ನೀವು ಮುಂದ ನಡೀರಿ. ಎಣ್ಣಿ ಸೋರಾಕತ್ತೈತಿ, ಹಿಂಗ ಬಿಟ್ಟ ಬಂದ್ರ ಯಾರರೆ ಕೈ ಹಚ್ಚತಾರ. ಎಳಿಸಿಕೊಂಡ ಬರತೀನಿ" ಅಂದ.

ಎತ್ತುಗಳು ತಮ್ಮ ನಡಿಗೆಯಲ್ಲೇ ನಡೆದವು. ದಾರಿಯಲ್ಲಿ ಅಪ್ಪ ನೀರು ಕೇಳಿದ. ಗಾಡಿಯವನ ತಂಬಿಗೆಯಿಂದ ನಾನೇ ಬಾಯಿಗೆ ಬಿಟ್ಟೆ. ಮಗ ಬಿಡಬೇಕಾದ ನೀರು ಅದು. ಬಾವಿಯ ಹತ್ತಿರ ಬರುವಷ್ಟರಲ್ಲಿ ನನ್ನ ಕೈಯೊಳಗಿದ್ದ ಅಪ್ಪನ ಕೈ ಸಡಿಲವಾಯಿತು.

ಹಾರ್ನ್ ಕೇಳಿ ಅವ್ವ ಆಳುಗಳಿಂದ ಮಂಚವನ್ನು ಅಂಗಳಕ್ಕೆ ತರಿಸಿಕೊಂಡಿದ್ದಳು. ತಲೆ ಬಾಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ನನ್ನ ಮುಖ ನೋಡಿದಳು, ಗಾಡಿ ನೋಡಿದಳು. "ಇಷ್ಟೊತ್ತನಕ ಹಾರ್ನ ಹೊಡದ್ರಲ್ಲ, ಎಲ್ಲಿದ್ರಿ?" ಅಂದಳು. ಆ ಮಾತು ಇಂದಿಗೂ ನನಗೆ ಸಹಿಸಲಾಗುವುದಿಲ್ಲ.

ಹೊತ್ತು ಇಳಿಯುವಾಗ ಮೋಟಾರು ಬಂತು, ಎರಡು ಜೋಡಿ ಎತ್ತಿನ ಹಿಂದೆ. ಅಣ್ಣ ಒಳಗೆ ಕೂತು ಸ್ಟೇರಿಂಗ್ ಚಕ್ರ ಹಿಡಿದಿದ್ದ. ಆಮೇಲೆ ಅಪ್ಪನ ಕಾಲ ಮೇಲೆ ಬಿದ್ದು ಹೊರಳಾಡಿ ಅತ್ತ. ಅಳು ಸುಳ್ಳಾಗಿರಲಿಲ್ಲ. ಮರುದಿನ ತೋಟದ ಮೂಲೆಯಲ್ಲಿ ನಮ್ಮ ಪದ್ಧತಿಯಂತೆ ಅಪ್ಪನನ್ನು ಕೂಡಿಸಿ ಮಣ್ಣು ಕೊಟ್ಟೆವು. ತಿಂಗಳು ತುಂಬುವುದರೊಳಗೆ ಅಣ್ಣ ಹಳೆಯ ಪಾಟಾಗಳನ್ನೇ ಮತ್ತೆ ಹಾಕಿಸಿದ, ಯಾರಿಗೂ ಹೇಳದೆ.

ಗಾಡಿಯಲ್ಲಿ ನೀರು ಕುಡಿದ ಮೇಲೆ ಅಪ್ಪ ಕಣ್ಣು ತೆರೆದು, "ನಿಮ್ಮಣ್ಣ ಎಲ್ಲಿ?" ಎಂದು ಕೇಳಿದ್ದ.

"ಹಿಂದ ಬರಾಕತ್ತಾನ ಅಪ್ಪಾ."

"ಮೋಟಾರಿಗಿ ಏನೂ ಆಗಿಲ್ಲಲ್ಲಾ? ಭಾಳ ಹೌಸಿಲೆ, ಆಸೆಪಟ್ಟು ಮಾಡಿಸ್ಯಾನ ಅಂವ."

ಅಪ್ಪ ಆಡಿದ ಕೊನೆಯ ಮಾತು ಅದು. ಎತ್ತುಗಳ ಮುಂದೆ ನಡೆಯುತ್ತಿದ್ದ ಗಾಡಿಯವನಿಗೂ ಕೇಳಿಸಿರಲಿಕ್ಕಿಲ್ಲ. ಅಣ್ಣನಿಗೆ ಹೇಳಿದರೆ ಅವನ ಹೊಟ್ಟೆ ತಣ್ಣಗಾದೀತು, ಪುಣ್ಯತಿಥಿಯ ದಿನ ಆ ಸುಳ್ಳು ಹೇಳುವ ಅಗತ್ಯವೂ ಅವನಿಗೆ ಉಳಿಯಲಿಕ್ಕಿಲ್ಲ. ನಾನು ಹೇಳಿಲ್ಲ. ಹೇಳುವುದೂ ಇಲ್ಲ.